ಕೆಂಪು ಗೀಟಿನ ಟಪಾಲು

ಅವರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಬೇಸಿಗೆಯಲ್ಲಿ ಬೆವರಿಗೆ ಬಣ್ಣ ಕರಗಿ ಕಪಾಳದ ಮೇಲೆ ಕೆಂಪಗೆ ಇಳಿಯುತ್ತಿತ್ತು. ಹೊಸಬರು ಗಾಯವಾಗಿದೆ ಎಂದು ಗಾಬರಿಯಾಗುತ್ತಿದ್ದರು. ಎಂಬತ್ತರ ದಶಕದಲ್ಲಿ ಭೀಮಾ ದಂಡೆಯ ಕಡೆಯ ಸಣ್ಣ ಸರ್ಕಾರಿ ಕಚೇರಿಯೊಂದಕ್ಕೆ ನಾನು ಟೈಪಿಸ್ಟಳಾಗಿ ಸೇರಿದಾಗ ಅವರು ಅಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು.

ಟಪಾಲೇ ಅವರಿಗೆ ದಿನದ ಕೆಲಸದ ಪಟ್ಟಿ. ಬಂದ ಕಾಗದವನ್ನೆಲ್ಲ ಬೆಳಿಗ್ಗೆಯೇ ಒಡೆದು ನೋಡಬೇಕು. ಈಗಿಂದೀಗ ಮಾಡಬೇಕಾದದ್ದಕ್ಕೆ ಕೆಂಪು ಗೀಟು, ಇನ್ನೊಬ್ಬರ ಮೇಜಿಗೆ ಹೋಗಬೇಕಾದದ್ದಕ್ಕೆ ನೀಲಿ. ಕಾಯಬೇಕಾದವು ಗೋಡೆಯ ಮೊಳೆಗಳಿಗೆ. ಸೋಮವಾರಕ್ಕೊಂದು ಮೊಳೆ, ಮಂಗಳವಾರಕ್ಕೊಂದು. ಟಪಾಲಿನ ತಟ್ಟೆ ಬರಿದಾಗುವವರೆಗೆ ಚಹಾ ಇಲ್ಲ.

“ಮುಟ್ಟಿದ ಕಾಗದ ಹೊಳ್ಳಿ ತಟ್ಟಿಗೆ ಇಡಬ್ಯಾಡ ತಂಗಿ, ಅದೇನ್ ಮರಿ ಹಾಕ್ತದೇನು?” ಎನ್ನುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಬರುತ್ತಿದ್ದದ್ದು ಬಹುಪಾಲು ಬೆಂಚು ರಿಪೇರಿಯ ನೆನಪೋಲೆಗಳು.

ಒಂದು ಬೇಸಿಗೆಯಲ್ಲಿ ರಜೆ ಮುಗಿದ ಮರುದಿನ ಟಪಾಲು ಚೀಲ ತುಂಬಿ ಬಂದಿತ್ತು. ಅದೇ ದಿನ ಜಿಲ್ಲೆಯಿಂದ ದೊಡ್ಡ ಅಧಿಕಾರಿ ತಪಾಸಣೆಗೆ ಬರುವವರಿದ್ದರು. “ಇವತ್ತ ಟಪಾಲ ಒಡೀಬ್ಯಾಡ್ರಿ, ಮೊದಲ ಕಪಾಟ ಸಾಫ್ ಮಾಡಸ್ರಿ,” ಎಂದರು ನಮ್ಮ ಸಾಹೇಬರು.

“ಆಯ್ತ್ರಿ ಸಾಹೇಬ್ರ,” ಎಂದು ಹೆಡ್ ಕ್ಲಾರ್ಕರು ಚೀಲವನ್ನು ಮೇಜಿನ ಮೇಲೆ ಸುರುವಿಯೇಬಿಟ್ಟರು.

ಒಂದು ಕಾಗದ ಓದಿದವರು ಹಾಗೇ ಎದ್ದು ನಿಂತರು. ಕುಡಿಯುವ ನೀರಿಗೆಂದು ಮೇಲಿನ ಅಣೆಕಟ್ಟಿನಿಂದ ನದಿಗೆ ನೀರು ಬಿಡುತ್ತೇವೆ, ಪಾತ್ರದಲ್ಲಿರುವವರನ್ನು ಎಬ್ಬಿಸಿ ಎಂದು ಅದರಲ್ಲಿತ್ತು. ತಂತಿ ಕೊಡಬೇಕಾದ ಸುದ್ದಿಯನ್ನು ಸಾದಾ ಅಂಚೆಗೆ ಹಾಕಿದ್ದರು. ನೀರು ಬಿಡುವ ದಿನ ನಿನ್ನೆಯೇ ಆಗಿಹೋಗಿತ್ತು; ಒಣ ಉಸುಕು ದಾಟಿ ಇವತ್ತು ನಮ್ಮ ಕಡೆ ಮುಟ್ಟಬೇಕು.

ಬತ್ತಿದ ನದಿಯ ಉಸುಕಿನಲ್ಲಿ ಗುಡಿಸಲು ಹಾಕಿ ಕಲ್ಲಂಗಡಿ ಬೆಳೆಯುವುದು ನಮ್ಮ ಮನೆಯ ಕಸುಬು. ಅವ್ವ ಅಲ್ಲೇ ಇದ್ದಳು.

ಫೋನು ಹತ್ತಲಿಲ್ಲ. ಜೀಪು ಅಧಿಕಾರಿಯನ್ನು ಕರೆತರಲು ಹೋಗಿತ್ತು. “ತಪಾಸಣಿ ಮುಗೀಲಿ, ಜೀಪ್ ಕಳಸ್ತೇನಿ. ಈಗ ಹೊರಗ ಹೋದ್ರ ನಿಮ್ಮ ನೌಕರಿಗೆ ಬರ್ತದ ನೋಡ್ರಿ,” ಎಂದರು ಸಾಹೇಬರು.

“ತಪಾಸಣಿ ಮುಗಿಯೂತನಕ ನೀರು ನಿಂದ್ರಂಗಿಲ್ರಿ,” ಎಂದು ಹೆಡ್ ಕ್ಲಾರ್ಕರು ನನ್ನ ಕಡೆ ತಿರುಗಿದರು. “ಏಳು ತಂಗಿ.”

ನದಿಯ ಕಡೆ ಹೊರಟಿದ್ದ ಕರಜಗಿ ಬಸ್ಸಿಗೆ ಅಡ್ಡ ನಿಂತು ನನ್ನನ್ನು ಹತ್ತಿಸಿ ತಾವೂ ಹತ್ತಿದರು. ಕೈ ಎತ್ತಿದವರಿಗೆಲ್ಲ ಬಸ್ಸು ನಿಲ್ಲುತ್ತಿತ್ತು, ನನಗೆ ಕಿರುಚಬೇಕೆನಿಸುತ್ತಿತ್ತು.

ನದಿಗಿಳಿದು ಅವರು ಕೂಗಿದ ಕೂಗಿಗೆ ಉಳಿದ ಗುಡಿಸಲಿನವರು ಕೂಸು, ಆಡು ಎತ್ತಿಕೊಂಡು ದಂಡೆ ಹತ್ತಿದರು. ಅವ್ವ ಮಾತ್ರ ಏಳಲಿಲ್ಲ. “ನೀರ ಎಲ್ಲದರಿ? ಉಸುಕ ಸುಡಾಕತ್ತದ. ನಾಳಿ ಹಣ್ಣ ಕೊಯ್ಯೂದದ,” ಎಂದಳು. ನಾನು ರಟ್ಟೆ ಹಿಡಿದೆಳೆದರೆ ಕೊಸರಿಕೊಂಡಳು. ಹೆಡ್ ಕ್ಲಾರ್ಕರು ಅವಳೆದುರು ಆ ಕಾದ ಉಸುಕಿನಲ್ಲೇ ಕುಳಿತುಬಿಟ್ಟರು.

“ಹಂಗಾದ್ರ ನಾನೂ ಏಳಂಗಿಲ್ಲವ್ವ. ನನ್ನ ಮನ್ಯಾಗೂ ಸಣ್ಣ ಮಕ್ಕಳವ.”

ಅವ್ವ ಅವರ ಮುಖವನ್ನೇ ನೋಡಿದಳು. ಬೈಯುತ್ತಲೇ ಎದ್ದಳು. ನಾವು ದಂಡೆಯ ಜಾಲಿಗಿಡ ಮುಟ್ಟುವಷ್ಟರಲ್ಲಿ ಕಸಕಡ್ಡಿ ದೂಡುತ್ತಾ ರಾಡಿನೀರು ಬಂತು. ಗುಡಿಸಲು ಮಲಗಿತು, ಹಣ್ಣುಗಳು ತೇಲಿಹೋದವು. ಅವ್ವ ಅವರ ಕಾಲಿಗೆ ಬಿದ್ದಳು. ಅವರು ಹಿಂದೆ ಸರಿದು, “ಬಿಡವ್ವ, ನನಗ ಬಸ್ ತಪ್ತದ,” ಎಂದರು.

ತಪಾಸಣೆಯ ದಿನ ಯಾರ ಅಪ್ಪಣೆಯಿಂದ ಕಚೇರಿ ಬಿಟ್ಟಿರಿ ಎಂದು ಕೇಳುವ ಮೆಮೊ ಆ ವಾರವೇ ಟಪಾಲಿನಲ್ಲಿ ಬಂತು. ತಾವೇ ಒಡೆದು, ತಾವೇ ಕೆಂಪು ಗೀಟು ಎಳೆದು, ಉತ್ತರ ಟೈಪು ಮಾಡಲು ನನಗೇ ಕೊಟ್ಟರು. ‘ಯಾರ ಅಪ್ಪಣೆಯೂ ಇರಲಿಲ್ಲ’ ಎಂಬ ಒಂದೇ ಸಾಲು. ಕಣ್ಣು ಮಂಜಾಗಿ ಅಷ್ಟನ್ನೂ ತಪ್ಪು ಹೊಡೆದೆ.

ಅವರನ್ನು ಆಳಂದಕ್ಕೆ, ಹಳೆಯ ಕಡತಗಳ ಕೋಣೆಗೆ ಎತ್ತಿಹಾಕಿದರು. ಅಲ್ಲಿಗೆ ಟಪಾಲು ಬರುವುದಿಲ್ಲ. ನೋಡಲು ಹೋದಾಗ, “ಇಲ್ಲಿ ಎಲ್ಲಾ ಮುಗದ ಕಾಗದವ ತಂಗಿ. ಮುಂಜಾನಿ ಬಂದು ಏನ್ ಮಾಡ್ಲಿ ತಿಳೀವಲ್ದು,” ಎಂದರು. ನಿವೃತ್ತಿಗೆ ಮುಂಚೆಯೇ ತೀರಿಕೊಂಡರು.

ಸಾಹೇಬರಿಗೆ ಬಡ್ತಿ ಸಿಕ್ಕಿತು. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಅವ್ವ ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು, ನನ್ನ ಮಗಳಿಗೆ ಕೈಹಿಡಿದು ನಡೆಯಲು ಕಲಿಸಿದಳು. ಆ ವರ್ಷಗಳನ್ನೆಲ್ಲ ನಮಗೆ ಕೊಟ್ಟವರು ತಮ್ಮ ಕಡೆಯ ವರ್ಷಗಳನ್ನು ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕಳೆದರು.