ಒಳಗೆ ಸರಿದ ಗೆರೆ

ಕಲಾವತಿಯವರೇ, ನಿಮ್ಮ ಕಣ್ಣು ಚೆನ್ನಾಗಿಯೇ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.

ದಾದರಿನ ನಮ್ಮ ನಕ್ಷೆ ಕಚೇರಿ, ಎಂಬತ್ತರ ದಶಕ. ಹಿಮಾಲಯದ ಕಣಿವೆಯೊಂದರಲ್ಲಿ ಅಣೆಕಟ್ಟು ಕಟ್ಟುವವರಿಗೆ, ಬೇಸಿಗೆಯಲ್ಲಿ ಎಷ್ಟು ಹಿಮ ಕರಗಿ ನೀರಾದೀತೆಂದು ತಿಳಿಯಬೇಕಿತ್ತು. ಪ್ರತಿವರ್ಷ ಮಾರ್ಚ್‌ನಲ್ಲಿ ಉಪಗ್ರಹದ ಚಿತ್ರ ಬರುತ್ತಿತ್ತು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಹಿಮದ ಅಂಚಿಗೆ ನೀವೊಂದು ಗೆರೆ, ಹಿರಿಯನೆಂಬ ಕಾರಣಕ್ಕೆ ನಾನೊಂದು ಗೆರೆ — ಒಬ್ಬರದನ್ನೊಬ್ಬರು ನೋಡದೆ. ಚೌಪಾಟಿಯ ಐಸ್‌ಗೋಲಾ ಬಿಟ್ಟರೆ ಬೇರಾವ ಹಿಮವನ್ನೂ ಮುಟ್ಟದ ನಾನು, ಬೊರಿವಲಿಯಿಂದ ಲೋಕಲ್‌ನಲ್ಲಿ ಜೋತಾಡುತ್ತ ಬಂದು ಹಿಮವಂತನ ಗಡಿ ನಿಶ್ಚಯಿಸುತ್ತಿದ್ದೆ! ಕಚೇರಿಯ ಶಾಸ್ತ್ರ ಒಂದೇ: ಗೆರೆ ಹೋದ ವರ್ಷದ್ದಕ್ಕಿಂತ ಒಳಗೆ ಬಂದರೆ, ಕೈ ನಡುಗಿತೆಂದು ತಿಳಿದು ಹಳೆಯ ಗೆರೆಗೇ ಸೇರಿಸುವುದು. ಪರ್ವತ ಬೇಕಾದರೆ ತಪ್ಪೀತು, ಹಳೆಯ ಹಾಳೆ ತಪ್ಪದು ಎಂಬುದು ನಮ್ಮ ವೇದಾಂತ.

ನೀವು ಸೇರಿಸಲಿಲ್ಲ.

"ನೀವರ ನೋಡ್ರಿ ರಾಯರ. ನಾಕ್ ವರ್ಷದ ಕಚ್ಚಾ ಹಾಳಿ ಒಂದರ ಮ್ಯಾಲೊಂದ ಇಟ್ಟೇನಿ. ಗೆರಿ ಒಳಗ, ಒಳಗ ಹೊಂಟೈತಿ."

ಉಡುಪಿ ಕಡೆಯ ನಮ್ಮ ಸಾಹೇಬರು ನಕ್ಕರು. "ಎಂಥದು ಬಾಯಿ, ಪರ್ವತ ಡಯಟಿಂಗ್ ಮಾಡ್ತಾ ಉಂಟಾ?" ಆಮೇಲೆ ನನ್ನತ್ತ ತಿರುಗಿದರು. "ನಿಮ್ಮದರಲ್ಲಿ ಹೇಗುಂಟು ರಾಯರೇ?"

ನನ್ನ ಮೇಜಿನ ಖಾನೆಯಲ್ಲೂ ತಿದ್ದುವ ಮೊದಲಿನ ಕಚ್ಚಾ ಹಾಳೆಗಳಿದ್ದವು. ನಿಮ್ಮ ಗೆರೆಗಳೇ ಅವು — ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ನಾನೇ ತಿದ್ದಿ ರುಜು ಹಾಕಿದ ನಕ್ಷೆಗಳು ಅಣೆಕಟ್ಟಿನವರ ಕೈ ಸೇರಿಯಾಗಿತ್ತು. ಈಗ ಬಾಯಿಬಿಟ್ಟರೆ —

"ಹೋದ ವರ್ಷದ ಹಾಗೇ ಇದೆ ಸಾರ್" ಎಂದೆ.

ಕಣ್ಣು ಮಂಜಾಗಿದೆಯೆಂದು ನಿಮ್ಮನ್ನು ಟಪಾಲು ವಿಭಾಗಕ್ಕೆ ಹಾಕಿದರು. ನೀವು ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದು, "ಈಗ ಬರೊಬ್ಬರಿ ಕಾಣತೈತ್ರಿ ರಾಯರ" ಎಂದು ನನಗೇ ತೋರಿಸಿದಿರಿ. "ಒಪ್ಪುತ್ತದೆ" ಎಂದೆ. ಅಷ್ಟು ಸಭ್ಯಸ್ಥ ನಾನು.

ಆಮೇಲೆ ಮಾರ್ಚ್ ಬಂತೆಂದರೆ ಚಿತ್ರದ ಸುರುಳಿ ಬಿಚ್ಚಲು ಕೈ ಏಳುತ್ತಿರಲಿಲ್ಲ. ಮೊದಮೊದಲು ಸಾಹೇಬರ ಭಯ. ಬರುಬರುತ್ತ ಆ ಗೆರೆಯದೇ ಭಯ. ಒಂದು ವರ್ಷ ಅದು ತುಸು ಹೊರಗೆ ಬಂದಿತ್ತು — ಅಂದು ಮನೆಗೆ ಪೇಡೆ ಒಯ್ದೆ. ಮರುವರ್ಷ ಮೊದಲಿಗಿಂತಲೂ ಒಳಗೆ...

ನಿವೃತ್ತನಾದ ದಿನ ಕಚ್ಚಾ ಹಾಳೆಗಳನ್ನು ಕೊಡೆಯೊಳಗೆ ಸುತ್ತಿ ತಂದೆ. ಮೊನ್ನೆ ಎಲ್ಲವನ್ನೂ ಒಟ್ಟಿಗೆ ಕಿಟಕಿಗೆ ಒತ್ತಿ ಹಿಡಿದೆ. ಒಲೆಯ ಮೇಲೆ ಮರೆತ ಹಾಲು ಇಂಗಿದಂತೆಲ್ಲ ಪಾತ್ರೆಗೆ ಕಟ್ಟುವ ಬಳೆಗಳಂತೆ, ಗೆರೆಯೊಳಗೆ ಗೆರೆ. ನಡುವೆ ಉಳಿದ ಬಿಳುಪು ನನ್ನ ಅಂಗೈ ಕೆಳಗೆ ಮುಚ್ಚಿಹೋಯಿತು. ಕೈ ತೆಗೆಯಲು ಹೆದರಿ ಬಹಳ ಹೊತ್ತು ಹಾಗೆಯೇ ನಿಂತಿದ್ದೆ. ಅತ್ತ ಅಣೆಕಟ್ಟು ನನ್ನ ರುಜುವನ್ನು ನಂಬಿ ಮೇಲೇಳುತ್ತಿದೆ.

ಪ್ರತಿ ಹಾಳೆಯ ಮೂಲೆಯಲ್ಲೂ 'ಕಲಾವತಿಯವರ ಗೆರೆ ಸರಿ' ಎಂದು ಬರೆದು ರುಜು ಹಾಕಿದ್ದೇನೆ. ಪ್ರತಿಗಳನ್ನು ಅಣೆಕಟ್ಟಿನವರಿಗೆ ಅಂಚೆಗೆ ಹಾಕಿಯಾಯಿತು. ಮೂಲವನ್ನು ಭಾನುವಾರ ಜೋಗೇಶ್ವರಿಯ ನಿಮ್ಮ ಮನೆಗೆ ತರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಹೊಸ್ತಿಲಲ್ಲಿಟ್ಟು ಹೋಗುತ್ತೇನೆ.

ನೋಡಲು ಕನ್ನಡಕ ಬೇಕಾಗಲಾರದು.