ಅಕ್ಕಿಯಲ್ಲಿ ಬರೆದ ಹೆಸರು

ಕಂಪ್ಯೂಟರಿಗೂ ದೆವ್ವ ಬಡಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಾನು ನಕ್ಕುಬಿಡುತ್ತಿದ್ದೆ. ತಂತಿ ಸಡಿಲಾಗಿದೆ, ಬಿಗಿ ಮಾಡು ಎನ್ನುವ ಜಾತಿ ನಮ್ಮದು. ಈಗ ನಗು ಬರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾಲ್ಕು ಸಣ್ಣ ದವಾಖಾನೆಗಳಿಗೆ ಅಂಗೈಯಗಲದ ಅಗ್ಗದ ಕಂಪ್ಯೂಟರುಗಳನ್ನು ಕೂಡಿಸುವ ಕೆಲಸ ನನ್ನದಾಗಿತ್ತು. ಒಂದು ಕಡೆ ಬರೆಸಿದ ರೋಗಿಯ ವಿವರ ಉಳಿದ ಮೂರು ಕಡೆಯೂ ಸಿಗಬೇಕು, ಅಷ್ಟೇ. ಸಿಂದಗಿಯ ಯಂತ್ರವನ್ನು ಆ ಮಧ್ಯಾಹ್ನ ತಾನೇ ಮೇಜಿನ ಮೇಲಿಟ್ಟಿದ್ದೆ. ಇಂಟರ್ನೆಟ್ ಜೋಡಿಸಿರಲಿಲ್ಲ, ಒಳಗೆ ಒಬ್ಬ ರೋಗಿಯ ಹೆಸರೂ ಇರಲಿಲ್ಲ.

ಅಷ್ಟರಲ್ಲಿ ಜ್ವರದಿಂದ ಎಚ್ಚರ ತಪ್ಪಿದ ಹೆಂಗಸೊಬ್ಬಳನ್ನು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕರೆತಂದಳು. ಹೆಸರು ಕಸ್ತೂರಿ ಎಂದಳು. ನಾನು ಕೀಲಿ ಮುಟ್ಟಿರಲಿಲ್ಲ, ಪರದೆಯ ಮೇಲೆ ತಾವಾಗಿಯೇ ಅಕ್ಷರಗಳು ಮೂಡಿದವು: ಮಹಾನಂದಾ, ಅಗರಖೇಡ, ಪೆನಿಸಿಲಿನ್ ಆಗಿಬರುವುದಿಲ್ಲ.

ಡಾಕ್ಟರು ಸೂಜಿ ಹಿಡಿದುಕೊಂಡೇ ಬಗ್ಗಿ ನೋಡಿದರು. "ಮಹಾನಂದಾ ಅಂದ್ರ ಈಕೀನಾ?"

"ಅಲ್ರಿ. ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ರಿ," ಎಂದಳು ನೆಗೆಣ್ಣಿ. ಪಾಪ, ಅವಳು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬೇರೆ ಯಾರದೋ ವಿವರ ಎಂದುಕೊಂಡು ಡಾಕ್ಟರು ಪೆನಿಸಿಲಿನ್ ಕೊಟ್ಟರು. ಮೈ ಊದಿತು, ಉಸಿರು ಕಟ್ಟಿತು. ಅವರು ಮಾಡದ ಪ್ರಯತ್ನವಿಲ್ಲ, ಕಸ್ತೂರಿ ಉಳಿಯಲಿಲ್ಲ.

ಸಂಜೆ ಅಗರಖೇಡದಿಂದ ಅವಳ ತಾಯಿ ಬಂದಳು. ಮಗಳ ಮೇಲೆ ಬಿದ್ದು "ಮಹಾನಂದಾ" ಎಂದು ಅತ್ತಾಗ ನಾನು ಪರದೆಯತ್ತ ತಿರುಗಿದೆ. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೊಸ ಹೆಸರನ್ನು ತಾಟಿನ ಅಕ್ಕಿಯಲ್ಲಿ ಬರೆಯಿಸುತ್ತಾರೆ. ಹಳೆಯದು ತವರಿನಲ್ಲೇ ಉಳಿಯುತ್ತದೆ. ನನ್ನ ಹೆಂಡತಿಯ ಹೆಸರನ್ನೂ ಹಾಗೇ ಬದಲಿಸಿದ್ದೇವೆ.

ಮರುದಿನ ಸಿಂದಗಿಯ ಯಂತ್ರವನ್ನು ಪೂರ್ತಿ ಜಾಲಾಡಿದೆ. ಖಾಲಿ. ತಂತಿಯೂ ಸಡಿಲಿರಲಿಲ್ಲ. ಇಂಡಿಗೆ ಹೋಗಿ ನೋಡಿದರೆ ಆ ವಿವರ ಅಲ್ಲಿತ್ತು, ಮದುವೆಗೆ ಮುಂಚೆ ಬರೆಸಿದ್ದು. ಅದು ಸಿಂದಗಿಗೆ ಬರಲು ದಾರಿಯೇ ಇರಲಿಲ್ಲ.

ಅಲ್ಲಿಂದಲೇ ಅಗರಖೇಡಕ್ಕೆ ತಾಯಿಯನ್ನು ಮಾತಾಡಿಸಲು ಹೋದೆ. ಪರದೆಯ ಸಂಗತಿ ಹೇಳಿಬಿಟ್ಟೆ.

"ಆಕಿ ತನ್ನ ಹೆಸರು ತಾನ ಹೇಳ್ಯಾಳಲ್ರಿ," ಎಂದಳು. "ನೀವ್ಯಾಕ ಕೇಳಲಿಲ್ರಿ?"

ಈಗ ನಾಲ್ಕೂ ಕಡೆ ತವರಿನ ಹೆಸರನ್ನೂ ಬರೆಸಿಕೊಳ್ಳುತ್ತೇವೆ. ಅಂದು ಹೇಳಿದವರು ಯಾರೋ, ನನಗಿನ್ನೂ ತಿಳಿದಿಲ್ಲ. ಕೇಳದವರು ಯಾರೆಂಬುದು ಮಾತ್ರ ಗೊತ್ತು.