ಅಲ್ಲಾಡಿಸಿ ನೋಡಿದ ನಾಟಕ

ಬೆಳಿಗ್ಗೆ ಏಳಕ್ಕೆ ಬಾಗಿಲು. ಏಳೂ ಕಾಲಿಗೆ ಸ್ಟವ್ ಮೇಲೆ ಸಿರಿಂಜುಗಳು, ಇಪ್ಪತ್ತು ನಿಮಿಷ ಕುದಿತ. ಎಂಟಕ್ಕೆ ಡಾಕ್ಟರು. ತಿಪಟೂರಿನ ಒಬ್ಬ ಖಾಸಗಿ ಡಾಕ್ಟರ ಬಳಿ ನಾನು ಕಾಂಪೌಂಡರ್ ಆಗಿದ್ದ ಅಷ್ಟೂ ವರ್ಷ ಈ ಕ್ರಮ ಬದಲಾಗಲಿಲ್ಲ. ಅದಕ್ಕೆ ಮೊದಲು ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿತಿದ್ದೆ. ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು, ರೋಗಿಯ ವಿಷಯ ಬಾಗಿಲು ದಾಟಬಾರದು, ಈ ಎರಡನ್ನೂ ಅಲ್ಲಿ ಒಂದೇ ದನಿಯಲ್ಲಿ ಹೇಳಿಕೊಟ್ಟಿದ್ದರು.

ಕ್ಲಿನಿಕ್ಕಿಗೆ ಆಗ ಎಲ್ಲರೂ ಡಾಕ್ಟರ ಶಾಪು ಎನ್ನುತ್ತಿದ್ದರು. ಶಾಪಿನ ಮುಂದೆ ಒಂದು ಉದ್ದನೆಯ ಬೆಂಚು. ಅದರ ಮೇಲೆ ಕೂರುತ್ತಿದ್ದವರಲ್ಲಿ ಅರ್ಧ ಜನಕ್ಕೆ ಕಾಯಿಲೆ ಇರುತ್ತಿರಲಿಲ್ಲ. ಕೊಬ್ಬರಿ ಹರಾಜಿನ ದಿನಗಳಾದ ಬುಧವಾರ, ಶನಿವಾರ ಬೆಂಚು ಸಾಲುತ್ತಿರಲಿಲ್ಲ. ಮೂವರಿಗೆ ಮಾತ್ರ ಖಾಯಂ ಜಾಗವಿತ್ತು. ಒಬ್ಬರು ಕೊಬ್ಬರಿ ದಲ್ಲಾಳಿ. ಇನ್ನೊಬ್ಬರು ಶೆಟ್ಟಿಕೆರೆ ಕಡೆಯ ಹಾರ್ಮೋನಿಯಂ ಮೇಷ್ಟ್ರು, ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವರು. ಮೂರನೆಯವನು ಚಿಕ್ಕನಾಯಕನಹಳ್ಳಿ ರೂಟಿನ ಬಸ್ ಕಂಡಕ್ಟರ್, ಬಸ್ಸು ಹೊರಡುವವರೆಗೆ ಬಂದು ಕೂರುತ್ತಿದ್ದ. ಮೂವರಿಗೂ ನಾಟಕದ ಹುಚ್ಚು.

ದಲ್ಲಾಳಿಯ ಕಿವಿಯ ವಿಚಾರ ಹೇಳಬೇಕು. ನಮ್ಮ ಕಡೆ ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಹಾಕಿರುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಆಗಿದೆ. ಈತ ಕಣ್ಣು ಮುಚ್ಚಿ ಒಮ್ಮೆ ಅಲ್ಲಾಡಿಸಿ, ಒಡೆಯುವ ಮೊದಲೇ ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳಿಬಿಡುತ್ತಿದ್ದರು. ತಪ್ಪುತ್ತಿದ್ದುದು ಕಡಿಮೆ. ಇದರಿಂದಾಗಿ ಯಾವುದನ್ನು ಬೇಕಾದರೂ ಕಿವಿಯಿಂದಲೇ ಅಳೆಯಬಹುದು ಎಂಬ ನಂಬಿಕೆ ಅವರಿಗೆ ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉತ್ತರ ಕರ್ನಾಟಕದ ಕಡೆಯ ಒಂದು ನಾಟಕ ಕಂಪನಿ ಕೊಬ್ಬರಿ ಮಂಡಿಯ ಹಿಂದಿನ ಬಯಲಿನಲ್ಲಿ ತಗಡಿನ ಗೋಡೆ ಎಬ್ಬಿಸಿ ಕ್ಯಾಂಪು ಹಾಕಿತ್ತು. ಹಳೆಯ ನಾಟಕಗಳನ್ನು ಒಂದೂವರೆ ತಿಂಗಳು ಆಡಿದ ಮೇಲೆ ಜನ ತೆಳುವಾದರು. ಆಗ ಜಟಕಾ ಗಾಡಿಗೆ ಮೈಕು ಕಟ್ಟಿ ಹೊಸ ಪ್ರಚಾರ ಶುರುವಾಯಿತು. ಹದಿನಾಲ್ಕು ಹಾಡುಗಳ ಹೊಸ ಸಂಗೀತ ನಾಟಕ ಬರುತ್ತದೆ, ಅದಕ್ಕಾಗಿಯೇ ಒಬ್ಬ ಹೆಸರಾಂತ ಗಾಯಕಿ ನಟಿ ಕಂಪನಿಗೆ ಸೇರುತ್ತಾರೆ ಎಂದು. ಊರಿನಲ್ಲಿ ಯಾರೂ ಆಕೆಯ ದನಿ ಕೇಳಿದವರಲ್ಲ. ಮೇಷ್ಟ್ರು ಮಾತ್ರ ಅರಸೀಕೆರೆಯಲ್ಲಿ ಒಮ್ಮೆ ಕೇಳಿದ್ದೇನೆ ಎಂದರು. ಹದಿನಾಲ್ಕರಲ್ಲಿ ಎಂಟು ಹಾಡಿಗಾದರೂ ಒನ್ಸ್ ಮೋರ್ ಬೀಳುತ್ತದೆ, ನಾಟಕ ಆರು ತಿಂಗಳು ಅಲ್ಲಾಡುವುದಿಲ್ಲ ಎಂದು ಬೆಂಚು ತೀರ್ಪು ಕೊಟ್ಟಿತು. ಹಾಡು ಮುಗಿದಾಗ ಜನ ಒನ್ಸ್ ಮೋರ್ ಎಂದು ಕೂಗಿದರೆ ನಟರು ಅದನ್ನು ಇನ್ನೊಮ್ಮೆ ಹಾಡಬೇಕು. ಆ ಕೂಗನ್ನು ಎಣಿಸಿಯೇ ನಾಟಕದ ಆಯುಸ್ಸು ಹೇಳುವುದು ಆಗಿನ ಪದ್ಧತಿ.

ಆಕೆ ರೈಲಿನಿಂದ ಇಳಿದ ಮಾರನೆಯ ದಿನವೇ ಕಂಪನಿಯ ಮಾಲೀಕರ ಜೊತೆ ನಮ್ಮಲ್ಲಿಗೆ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ದನಿಯೇ ಇರಲಿಲ್ಲ, ಬರೀ ಉಸಿರು. ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿದರು. ದನಿಯ ತಂತುಗಳು ಊದಿಕೊಂಡಿದ್ದವು. ನಲವತ್ತು ದಿನ ಬಾಯಿ ಬಿಡಬಾರದು ಎಂದರು. ಹಾಡಂತೂ ಇಲ್ಲವೇ ಇಲ್ಲ, ಮಾತೂ ಇಲ್ಲ, ಪಿಸುಮಾತೂ ಇಲ್ಲ. ಮೀರಿದರೆ ದನಿ ಮತ್ತೆ ಬರುತ್ತದೆ ಎಂದು ಹೇಳಲಾರೆ ಎಂದರು. ನಾಟಕಕ್ಕೆ ಉಳಿದಿದ್ದುದು ಮೂರು ವಾರ. ಮಾಲೀಕರು ಎದ್ದು ಹೋದರು.

ದಿನಾ ಏಳೂವರೆಗೆ, ಬೆಂಚು ತುಂಬುವ ಮೊದಲು, ಆಕೆಯ ಗಂಟಲಿಗೆ ಔಷಧಿ ಬಳಿಯುವುದು ನನ್ನ ಕೆಲಸವಾಯಿತು. ಪುದೀನಾ ವಾಸನೆಯ ಕಂದು ಔಷಧಿ, ಉದ್ದ ಹಿಡಿಯ ಬ್ರಶ್ಶು. ಆಕೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಕಂಕುಳಲ್ಲಿ ಮಕ್ಕಳ ಸ್ಲೇಟು. ಹೇಳಬೇಕಾದ್ದನ್ನು ದುಂಡಗೆ ಬರೆದು ತೋರಿಸುವರು, ನಾನು ಓದಿದ ಮೇಲೆ ಅಂಗೈಯಿಂದ ಒರೆಸುವರು. ಎರಡನೆಯ ದಿನ ಬರೆದಿದ್ದು ನೆನಪಿದೆ: 'ಹದಿನಾರನೇ ವಯಸ್ಸಿನಿಂದ ಹಾಡಿದ್ದೇ ಕೆಲಸ. ಹಾಡದಿದ್ದರೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ?' ಮಾಲೀಕರು ಆಗಲೇ ಇನ್ನೊಬ್ಬ ಹುಡುಗಿಗಾಗಿ ತಂತಿ ಕಳಿಸಿದ್ದರಂತೆ. ಅವಳು ಬಂದರೆ ತನಗೆ ಇಲ್ಲೂ ಜಾಗವಿಲ್ಲ, ಬಿಟ್ಟು ಬಂದ ಕಂಪನಿಯಲ್ಲೂ ಇಲ್ಲ.

ಈ ನಾಟಕ ಬಿಟ್ಟುಬಿಡಿ, ನಲವತ್ತು ದಿನ ಸುಮ್ಮನಿದ್ದು ದನಿ ಉಳಿಸಿಕೊಳ್ಳಿ, ದನಿ ಇದ್ದರೆ ಕಂಪನಿ ತಾನಾಗಿ ಹುಡುಕಿಕೊಂಡು ಬರುತ್ತದೆ ಎಂದು ನಾನು ಹೇಳಿದೆ. ಆಕೆ ಸ್ಲೇಟನ್ನು ಕಂಕುಳಿಗೆ ಸೇರಿಸಿ ಎದ್ದರು.

ವಾರದ ಕೊನೆಗೆ ಸ್ಲೇಟಿನ ಮೇಲೆ ಹೊಸ ಸುದ್ದಿ ಬಂತು. ನಾಟಕದಲ್ಲಿ ಆಕೆಯದು ಅಕ್ಕನ ಪಾತ್ರ. ತಾಯಿಯಿಲ್ಲದ ಇಬ್ಬರು ತಮ್ಮಂದಿರನ್ನು ಸಾಕಿ ಬೆಳೆಸಿದವಳು. ಅವರು ಮನೆ ಪಾಲು ಮಾಡಿಕೊಳ್ಳುವಾಗ ಅಕ್ಕ ದೊಡ್ಡ ಹಾಡು ಹಾಡಬೇಕಿತ್ತು. ಆ ಅಕ್ಕನನ್ನು ಮೂಗಿ ಮಾಡಿದರೆ ಹೇಗೆ ಎಂದು ಆಕೆ ಮಾಲೀಕರಿಗೆ ಬರೆದು ಕೇಳಿದ್ದರು. ತಂತಿ ಕೊಟ್ಟು ಕರೆದಿದ್ದ ಹುಡುಗಿ ಬರಲಾಗುವುದಿಲ್ಲ ಎಂದಿದ್ದರಿಂದ ಮಾಲೀಕರು ಬೇರೆ ದಾರಿಯಿಲ್ಲದೆ ಒಪ್ಪಿದ್ದರು. ಮೂರು ಪ್ರದರ್ಶನ ನೋಡುತ್ತೇನೆ, ಬೀಳದಿದ್ದರೆ ಇರು, ಬಿದ್ದರೆ ರೈಲು ಹತ್ತು ಎಂದು ಹೇಳಿದ್ದರಂತೆ. ಇದು ನಡೆಯುವ ಮಾತಲ್ಲ ಎಂದು ನನಗೆ ಖಾತ್ರಿಯಿತ್ತು. ಸಂಗೀತ ನಾಟಕಕ್ಕೆ ಬಂದ ಜನ ಸಂಗೀತ ಕೇಳುತ್ತಾರೆ.

ತಾಲೀಮು ಬೆಳಿಗ್ಗೆ ಹತ್ತರಿಂದ ನಡೆಯುತ್ತಿತ್ತು. ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಆದರೆ ದಲ್ಲಾಳಿಯ ಮಂಡಿ ಪಕ್ಕದಲ್ಲೇ ಇತ್ತು. ಅವರು ದಿನಾ ಒಂದಿಷ್ಟು ಹೊತ್ತು ತಗಡಿಗೆ ಕಿವಿ ಕೊಟ್ಟು ನಿಂತು, ಕೇಳಿದ್ದನ್ನು ಬೆಂಚಿಗೆ ತಂದು ಹಾಕುತ್ತಿದ್ದರು. ಮೊದಮೊದಲು ತಮ್ಮಂದಿರ ಹಾಡು, ಹಾಸ್ಯದವನ ಹಾಡು ಕೇಳಿಸಿತಂತೆ. ಗಾಯಕಿಯ ದನಿ ಒಂದು ದಿನವೂ ಕೇಳಿಸಲಿಲ್ಲ. ನಾಟಕಕ್ಕೆ ನಾಲ್ಕು ದಿನ ಇರುವಾಗ ಅವರು ಬಂದು ಕೂತು, ನಾಟಕ ಮುಗಿಯಿತು ಎಂಬಂತೆ ಕೈ ಒದರಿದರು.

"ಐದು ದಿನದಿಂದ ಕೇಳ್ತಾ ಇದೀನಿ ಕಣಪ್ಪ. ಹಾಡು ಸಟ್ಟಂತ ನಿಂತೋಗ್ತೈತೆ. ಆಮೇಲೆ ಬರೀ ಪರಕೆ ಸದ್ದು. ಸರ್, ಸರ್, ಸರ್. ಜಾಗ ಗುಡಿಸ್ತಾವ್ರೆ. ಗಂಟುಮೂಟೆ ಕಟ್ಟೋಕ್ ಮುಂಚೆ ಚೊಕ್ಕ ಮಾಡ್ತಾವ್ರೆ ಅಷ್ಟೆ."

"ತಾಲೀಮಿನ ಮಧ್ಯದಲ್ಲಿ ಯಾರ್ಲಾ ಗುಡಿಸ್ತಾರೆ?" ಎಂದರು ಮೇಷ್ಟ್ರು.

"ತಾಲೀಮೆಲ್ಲೈತೆ ಮೇಷ್ಟ್ರೇ, ಬುಡಿ. ಒಳಗೆ ನೀರೇ ಬತ್ತಿಲ್ಲ, ಕಾಯಿ ಒಡೀತಾವ್ರೆ. ಮೂರು ದಿನ ನಡೆದ್ರೆ ನನ್ನ ಕಿವಿ ಕುಯ್ಸ್ಕೋತೀನಿ."

ಮೇಷ್ಟ್ರಿಗೂ ಬೇರೆ ಕಡೆಯಿಂದ ಸುದ್ದಿ ಸಿಕ್ಕಿತ್ತು, ಗಾಯಕಿಗೆ ಹಾಡೇ ಇಲ್ಲವಂತೆ ಎಂದು. ಅವರಿಗೆ ಸಿಟ್ಟು ಬಂದಿತ್ತು. ಶ್ರುತಿಯಿಲ್ಲದ ಪಾತ್ರ ಮಾಡುವುದಕ್ಕೆ ರೈಲು ಚಾರ್ಜು ಕೊಟ್ಟು ಗಾಯಕಿಯನ್ನು ಕರೆಸಬೇಕಿತ್ತೇ, ನಮ್ಮ ಹಳ್ಳಿಯ ಯಾವ ಮುದುಕಿಯಾದರೂ ಮಾಡುತ್ತಿದ್ದಳು ಎಂದರು. ಕಂಡಕ್ಟರ್ ಈ ಭವಿಷ್ಯವನ್ನು ಟಿಕೆಟ್ಟಿನ ಜೊತೆಗೇ ಹರಿದು ಕೊಟ್ಟ. ಎರಡು ದಿನದಲ್ಲಿ ಅದು ಹುಳಿಯಾರು ದಾಟಿ ಬೋರನಕಣಿವೆ ಬಯಲಿನ ಗದ್ದೆಗಳವರೆಗೂ ಹೋಗಿತ್ತು. ಅಲ್ಲಿಂದ ಔಷಧಿಗೆ ಬಂದ ಒಬ್ಬ ರೈತ, ನಾಟಕ ಬಿದ್ದೋಯ್ತಂತಲ್ಲ ಎಂದು ನನ್ನನ್ನೇ ಕೇಳಿದ. ನಾಟಕ ಇನ್ನೂ ಶುರುವಾಗಿರಲಿಲ್ಲ.

ನನಗೆ ನಿಜ ಗೊತ್ತಿತ್ತು. ಪರಕೆ ಯಾರ ಕೈಯಲ್ಲಿದೆ ಎಂಬುದೂ ಗೊತ್ತಿತ್ತು, ಸ್ಲೇಟಿನಲ್ಲಿ ಓದಿದ್ದೆ. ಹೇಳಲಿಲ್ಲ. ಹೇಳಿದ್ದರೂ ಅವರ ಭವಿಷ್ಯ ಬದಲಾಗುತ್ತಿರಲಿಲ್ಲ, ನನ್ನದೂ ಅದೇ ಆಗಿತ್ತು.

ಶುಕ್ರವಾರ, ಶನಿವಾರ ಎರಡು ಪ್ರದರ್ಶನ ಆದವು. ಅರ್ಧ ಟೆಂಟು ಖಾಲಿಯಂತೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಮೂರನೆಯದು. ರಾತ್ರಿ ಒಂಬತ್ತಕ್ಕೆ ಮಲಗುವ ನನಗೆ ಆ ಹೊತ್ತು ಒಗ್ಗುತ್ತದೆ ಎಂದು ಡಾಕ್ಟರು ತಮ್ಮ ಪಾಸು ಕೊಟ್ಟು ಕಳಿಸಿದರು. ಎರಡು ಗಂಟೆ ಐವತ್ತಕ್ಕೆ ಹೋಗಿ ಕೂತೆ. ಮುಂದಿನ ಸಾಲಿನಲ್ಲೇ ದಲ್ಲಾಳಿ, ಮೇಷ್ಟ್ರು. ಬೀಳುವುದನ್ನು ಕಣ್ಣಾರೆ ನೋಡಲು ಬಂದಿದ್ದರು.

ಮೊದಲ ಅಂಕಕ್ಕೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎರಡನೆಯದರಲ್ಲಿ ತಮ್ಮಂದಿರು ಜಗಳವಾಡುತ್ತಾ ಒಂದು ಹಾಡು ಹಾಡಿದರು, ಅದರ ಕೊನೆಗೆ ದೊಡ್ಡವನು ಅಂಗಳದ ನಡುವೆ ಬೂದಿಯಿಂದ ಗೆರೆ ಎಳೆದ. ಇಬ್ಬರೂ ಒಳಗೆ ಹೋದರು. ಹಾರ್ಮೋನಿಯಂ ನಿಂತಿತು. ಅಕ್ಕ ಕಡ್ಡಿ ಪರಕೆ ಹಿಡಿದು ಬಂದು, ದಿನಾ ಮಾಡುವ ಕೆಲಸದ ಹಾಗೆ ಅಂಗಳ ಗುಡಿಸತೊಡಗಿದಳು. ಹಲಗೆಯ ಮೇಲೆ ಕಡ್ಡಿಗಳ ಸದ್ದು ಬಿಟ್ಟರೆ ಬೇರೆ ಏನಿಲ್ಲ. ಗುಡಿಸುತ್ತಾ ಗುಡಿಸುತ್ತಾ ಗೆರೆಯ ಹತ್ತಿರ ಬಂದಳು, ಪರಕೆ ನಿಂತಿತು. ಸ್ವಲ್ಪ ಹೊತ್ತು ಗೆರೆಯನ್ನು ನೋಡಿದಳು. ಆಮೇಲೆ ಸೀರೆ ಸ್ವಲ್ಪ ಎತ್ತಿ, ಗೆರೆ ತುಳಿಯದೆ ದಾಟಿ, ಆ ಕಡೆಯ ಅಂಗಳವನ್ನೂ ಅಷ್ಟೇ ಅಚ್ಚುಕಟ್ಟಾಗಿ ಗುಡಿಸಿದಳು. ಗೆರೆ ಹಾಗೇ ಉಳಿಯಿತು. ಪರಕೆಯನ್ನು ಮೂಲೆಗೆ ಒರಗಿಸಿ ಒಳಗೆ ಹೋದಳು.

ಮೊದಲು ಎದ್ದು ಒನ್ಸ್ ಮೋರ್ ಎಂದವರು ಮೇಷ್ಟ್ರು.

ದಲ್ಲಾಳಿ ಅವರ ಪಂಚೆ ಹಿಡಿದು ಎಳೆದರು. "ಏನ್ರೀ ಮೇಷ್ಟ್ರೇ, ಕಸ ಗುಡಿಸೋದಕ್ಕೂ ಒನ್ಸ್ ಮೋರಾ?"

"ಸುಮ್ಕಿರಪ್ಪ. ಇನ್ನೊಂದ್ಸಲ ಗುಡಿಸ್ಲಿ."

ಹಿಂದಿನ ಸಾಲುಗಳ ಹೆಂಗಸರೂ ಕೂಗಿದರು. ಆಕೆ ಬಂದು ಮತ್ತೆ ಗುಡಿಸಿದರು, ಅದೇ ಅಳತೆಯಲ್ಲಿ, ಮೊದಲಿನಿಂದ. ನಾನು ಗಡಿಯಾರ ನೋಡಿಕೊಂಡೆ. ಎರಡು ಸಲವೂ ಮೂರು ನಿಮಿಷ.

ಆಮೇಲಿನದು ಊರಿಗೆಲ್ಲ ಗೊತ್ತು. ತುರುವೇಕೆರೆಯಿಂದ, ಅರಳಗುಪ್ಪೆಯಿಂದ ಹೆಂಗಸರು ಗುಂಪು ಕಟ್ಟಿಕೊಂಡು ಬಂದರು. ಕಂಡಕ್ಟರನ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ. ಮುಂದಿನ ಬುಧವಾರ ಬೆಂಚಿನ ಮೇಲೆ ಮೂವರೂ ತಾವು ಇದನ್ನು ಮೊದಲೇ ಹೇಳಿದ್ದೆವು ಎಂದು ವಾದಿಸುತ್ತಿದ್ದರು. ದಲ್ಲಾಳಿಯ ವಾದ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಪರಕೆ ಸದ್ದನ್ನು ಊರಿನಲ್ಲಿ ಮೊದಲು ಕೇಳಿದವರು ಯಾರು ಎಂದು ಕೇಳಿದರು. ಯಾರೂ ಕಿವಿಯ ಮಾತು ಎತ್ತಲಿಲ್ಲ.

ನಲವತ್ತೊಂದನೆಯ ದಿನ ಡಾಕ್ಟರು ಕನ್ನಡಿ ಹಿಡಿದು ನೋಡಿ, ಗಂಟಲು ಸ್ವಚ್ಛವಾಗಿದೆ, ಇನ್ನು ಹಾಡಬಹುದು ಎಂದರು. ಆಕೆ ಮೆಲ್ಲಗೆ ಒಂದು ಷಡ್ಜ ಹಿಡಿದರು. ನೆಟ್ಟಗೆ ನಿಂತಿತು. ಡಾಕ್ಟರು ನಕ್ಕರು. ನಾನು ಔಷಧಿ ಬಾಟಲಿಯನ್ನು ಮೇಲಿನ ಅರೆಗೆ ಎತ್ತಿಟ್ಟೆ.

ಅದನ್ನು ಎತ್ತಿಟ್ಟಿದ್ದು ಬೇಗ ಆಯಿತೇನೋ. ಮಾರನೆಯ ದಿನವೂ ಏಳೂವರೆಗೆ ಆಕೆ ಸ್ಲೇಟಿನೊಂದಿಗೆ ಬಂದರು. ಮಾಲೀಕರು ಹಾಡಲು ಬಿಡುವುದಿಲ್ಲವಂತೆ. ಜನ ಬರುತ್ತಿರುವುದು ಮೂಗಿಯನ್ನು ನೋಡಲು. ಹಾಡುತ್ತಿದ್ದ ದನಿ ಹೋಗಿ ಆಕೆ ನಿಜವಾಗಿಯೂ ಮೂಗಿಯಾಗಿದ್ದಾರೆ ಎಂದು ಅರ್ಧ ಜನ ನಂಬಿದ್ದಾರೆ. ಬೇರೆ ನಾಟಕದಲ್ಲಿ ಹಾಡಿದರೆ, ಪೇಟೆಯಲ್ಲಿ ಬಾಯಿ ಬಿಟ್ಟರೆ, ಈ ನಾಟಕ ಅಲ್ಲಿಗೆ ಕೆಟ್ಟಿತು. ಕ್ಯಾಂಪು ಮುಗಿಯುವವರೆಗೆ ಒಂದು ಮಾತೂ ಆಡಕೂಡದು. ಡಾಕ್ಟರ ನಲವತ್ತು ದಿನಕ್ಕೆ ಕೊನೆಯಾದರೂ ಇತ್ತು. ದನಿ ಉಳಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ಹೇಳಿದ್ದವನು ನಾನು. ಆ ಮಾತನ್ನು ಆಕೆ ನೆನಪಿಸಲಿಲ್ಲ. ಔಷಧಿ ಬೇಕಿಲ್ಲದಿದ್ದರೂ ಆಗಾಗ ಬಂದು ಕೂತು, ನನ್ನ ಆರೋಗ್ಯ ಬರೆದು ಕೇಳಿ, ಒರೆಸಿ, ಹೋಗುತ್ತಿದ್ದರು. ಹೀಗೆ ಐದು ತಿಂಗಳು.

ಕಂಪನಿ ಊರು ಬಿಡುವ ದಿನ ಬಯಲಿನಲ್ಲಿ ತಗಡು ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಆಕೆ ಏಳೂವರೆಗೆ ಬಂದರು. ಒಳಗಿನ ಬಾಗಿಲು ತಾವೇ ಮುಂದಕ್ಕೆ ಹಾಕಿ, ಸ್ಲೇಟನ್ನು ಮೇಜಿನ ಮೇಲಿಟ್ಟು, ಮೊದಲ ಸಲ ನನ್ನೊಡನೆ ಮಾತಾಡಿದರು. ಅಪ್ಪಟ ಧಾರವಾಡದ ಕಡೆಯ ಮಾತು. ಸ್ಲೇಟಿನ ಮೇಲಿನ ಅಕ್ಷರದಲ್ಲಿ ಅದು ತಿಳಿದಿರಲಿಲ್ಲ.

"ಮುಂದಿನ ಊರಾಗೂ ಇದ ನಾಟಕಂತ್ರೀ. ಅಲ್ಲೂ ಕಸಾ ಹೊಡೀಬೇಕು."

ಕೆಲಸ ಉಳಿಯಿತಲ್ಲ ಎಂದೆ. ಹೂಂ ಎಂದರು. ಆಮೇಲೆ, ಒಂದು ಹಾಡು ಹಾಡಲೇ ಎಂದು ಕೇಳಿದರು. ಪಾಲಾಗುವ ದೃಶ್ಯಕ್ಕೆಂದು ಬರೆದಿದ್ದ ಅಕ್ಕನ ಹಾಡು, ನಾಟಕದಲ್ಲಿ ಯಾರೂ ಹಾಡದೇ ಬಿಟ್ಟದ್ದು. ಸಿರಿಂಜು ಕುದಿಯುತ್ತಿದ್ದ ಸ್ಟವ್ವನ್ನು ನಾನು ಆರಿಸಿದೆ, ಅದರ ಭರ‍್ರೋ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಆಕೆ ಗೋಡೆಯ ಕಡೆ ಮುಖ ಮಾಡಿ ಪೂರ್ತಿ ಹಾಡಿದರು. ನನಗೆ ಸಂಗೀತ ತಿಳಿಯದು. ಎಲ್ಲಿಯೂ ಒಡೆಯಲಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ಲಾರಿ ನೋಡಲೆಂದು ಬೇಗ ಬಂದಿದ್ದ ದಲ್ಲಾಳಿ, ಮೇಷ್ಟ್ರು ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದರು. ಬಾಗಿಲಿನ ಆಚೆಯಿಂದ ಅವರ ಮಾತು ಕೇಳಿಸಿತು.

"ಯಾವ್ದೋ ಪೇಷೆಂಟು ಹಾಡ್ತಾವ್ಳೆ ಕಣ್ರೀ. ಹೊಸ ಗಂಟ್ಲು."

"ಎಳೇದು ಇನ್ನೂ," ಎಂದರು ಅರಸೀಕೆರೆಯಲ್ಲಿ ಕೇಳಿದ್ದ ಮೇಷ್ಟ್ರು. "ಯಾವ್ದಾದ್ರೂ ಕಂಪನಿ ಸೇರ್ಕಂಡ್ರೆ ಮುಂದಕ್ ಬತ್ತಾಳೆ."

ಆಕೆ ಅದನ್ನು ಕೇಳಿ ನಗು ತಡೆದುಕೊಂಡರು. ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಇಬ್ಬರೂ ಎದ್ದು ನಿಂತರು. ದಲ್ಲಾಳಿ, ಮೂಗರಿಗೆ ಮಾಡುವ ಹಾಗೆ ಕೈಸನ್ನೆಯಲ್ಲಿ, ಹೊರಟಿರಾ ಎಂದು ಕೇಳಿದರು. ಆಕೆ ಕೈ ಮುಗಿದು ಬಯಲಿನ ಕಡೆ ನಡೆದರು.

ಆಕೆ ತಿರುವು ದಾಟಿದ ಮೇಲೆ ದಲ್ಲಾಳಿ ಒಳಗೆ ಇಣುಕಿ ನೋಡಿದರು. "ಹಾಡ್ದೋಳು ಇನ್ನೂ ಈಚೆಗೆ ಬರ್ಲೇ ಇಲ್ವಲ್ಲ ಕಾಂಪೌಂಡ್ರೇ?"

ಡಾಕ್ಟರು ಬರಲು ಇನ್ನೂ ಏಳು ನಿಮಿಷ ಇದೆ, ಕೂತಿರಿ ಎಂದು ಹೇಳಿ, ಸ್ಟವ್ ಮತ್ತೆ ಹಚ್ಚಿದೆ.